ಅಂಚಿನ ಮೂರು ಕಚ್ಚು

ಆಳಂದದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಯಾವ ಮಶೀನು ಕೆಟ್ಟು ನಿಂತರೂ ಎಲ್ಲರ ಕಣ್ಣು ಮೊದಲು ಹೋಗುತ್ತಿದ್ದದ್ದು ಶರಫುದ್ದೀನನ ಕಿಟಕಿಯ ಕಡೆಗೆ. ಆ ಕಿಟಕಿಯ ಹಿಂದೆ ಸಾಮಾನು ಕೋಣೆ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಬೋಲ್ಟು, ನಟ್ಟು, ಚರ್ಮದ ಪಟ್ಟೆ, ಜಿನ್ನಿನ ಚೂರಿ, ಎಣ್ಣೆಯ ಡಬ್ಬಿ, ಕಂಚಿನ ಬುಶ್ಶು. ಒಂದೊಂದಕ್ಕೂ ಒಂದೊಂದು ಚೀಟಿ, ಚೀಟಿಯ ಮೇಲೆ ಶರಫುದ್ದೀನನ ಮುತ್ತು ಪೋಣಿಸಿದಂಥ ಉರ್ದು ಬರಹ. ಬಿಡಿ ಸಾಮಾನಿಗೆ ಅಲ್ಲಿಯ ಎಣಿಕೆಯ ಮಾತು ‘ನಗ’. ಹತ್ತು ನಗ ಬೋಲ್ಟು, ಎರಡು ನಗ ಪಟ್ಟೆ. ಕಣ್ಣು ಕಟ್ಟಿ ಬಿಟ್ಟರೂ ಯಾವ ಹಲಗೆಯ ಯಾವ ಮೂಲೆಯಲ್ಲಿ ಏನು, ಎಷ್ಟು ನಗ ಇದೆ ಎಂದು ಆತ ಹೇಳುತ್ತಿದ್ದ. ಆದರೆ ಆ ವಸ್ತು ಮಶೀನಿನೊಳಗೆ ಹೋದ ಮೇಲೆ ಹೇಗೆ ಕೂರುತ್ತದೆ, ಹೇಗೆ ತಿರುಗುತ್ತದೆ, ಎಲ್ಲಿ ಸವೆಯುತ್ತದೆ ಎಂಬುದು ಆತನಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ನೌಕರಿಯಲ್ಲಿ ಮಶೀನುಗಳ ಶೆಡ್ಡಿಗೆ ಆತ ಕಾಲಿಟ್ಟದ್ದು ನಾಲ್ಕೋ ಐದೋ ಸಲ. ಹತ್ತಿಯ ಧೂಳು ಎದೆಗೆ ಹೊಕ್ಕರೆ ಮೂರು ದಿನ ಕೆಮ್ಮು ಬಿಡುತ್ತಿರಲಿಲ್ಲ.

ಆ ಕೆಮ್ಮನ್ನು ಕೇಳಿ ಕೇಳಿಯೇ ಇರಬೇಕು, ಮಶೀನುಗಳನ್ನು ದುರಸ್ತಿ ಮಾಡುವ ದೇವಿಂದ್ರಪ್ಪ ಮಿಸ್ತ್ರಿ ಒಂದು ಮಧ್ಯಾಹ್ನ ಯಾರೂ ಹೇಳದೆ ಕಿಟಕಿಯ ಅಳತೆಗೆ ಒಂದು ಚೌಕಟ್ಟು ಮಾಡಿ ತಂದು ಕೂರಿಸಿದ. ಸಣ್ಣ ತಂತಿಯ ಜಾಳಿಗೆ, ಅದರ ಒಳಮಗ್ಗುಲಿಗೆ ಮಲಮಲ್ ಬಟ್ಟೆ, ಕೆಳಗೆ ಸಾಮಾನು ಕೊಡಲು ಒಂದು ಗೇಣಗಲದ ಪುಟ್ಟ ಬಾಗಿಲು.

“ಇದೇನೋ ಮಿಸ್ತ್ರಿ, ನನ್ನ ಪರದೇದಾಗ ಕುಂದರಸಾಕತ್ತಿ?” ಎಂದು ಶರಫುದ್ದೀನ ನಕ್ಕ.

“ಹೌದ್ರಿ ಭಾಯಿ. ನಿಮ್ಮ ಮಾರಿ ನೋಡಿ ನೋಡಿ ನಮಗೂ ಬ್ಯಾಸರ ಬಂದದ. ಇನ್ನ ಬರೇ ಕೈ ಕಂಡರ ಸಾಕು” ಎಂದ ದೇವಿಂದ್ರಪ್ಪ, ಮೊಳೆ ಹೊಡೆಯುತ್ತಲೇ.

ಆ ಮಲಮಲ್ ಬಟ್ಟೆಯನ್ನು ವಾರಕ್ಕೊಮ್ಮೆ ಬಿಚ್ಚಿ ಒಗೆದು ತರುತ್ತಿದ್ದವಳು ದೇವಿಂದ್ರಪ್ಪನ ಹೆಂಡತಿ ಗಂಗುಬಾಯಿ. ಅದೇ ಜಿನ್ನಿನಲ್ಲಿ ಮಶೀನಿಗೆ ಹತ್ತಿ ಉಣಿಸುವ ಹೆಂಗಸರಲ್ಲಿ ಅವಳೂ ಒಬ್ಬಳು. ಶರಫುದ್ದೀನನ ಹೆಂಡತಿ ಬದರುನ್ನಿಸಾ ಈದಿನ ದಿನ ಅವರ ಮನೆಗೆ ಶಾವಿಗೆ, ಒಣ ಖರ್ಜೂರ, ಸಕ್ಕರೆಗಳನ್ನು ಹೊಸ ಗಡಿಗೆಯಲ್ಲಿ ಹಸಿಯಾಗಿಯೇ ಕಳಿಸುತ್ತಿದ್ದಳು, ಅವರ ಒಲೆಯಲ್ಲಿ ಅವರೇ ಮಾಡಿಕೊಂಡು ಉಣ್ಣಲಿ ಎಂದು. ಗಡಿಗೆ ಮರಳಿ ಬರುವಾಗ ಅದರಲ್ಲಿ ಶೇಂಗಾದ ಹಿಂಡಿ ಇರುತ್ತಿತ್ತು. ಇಂಥವನ್ನೆಲ್ಲ ಯಾರೂ ದೊಡ್ಡದು ಮಾಡಿ ಹೇಳುತ್ತಿರಲಿಲ್ಲ.

ಶರಫುದ್ದೀನನ ಕೋಣೆಗೆ ಎರಡು ಕಟ್ಟಳೆಗಳಿದ್ದವು. ಸವೆದ ಸಾಮಾನು ತಂದು ಕೊಟ್ಟ ಮೇಲೆಯೇ ಹೊಸದನ್ನು ಒಯ್ಯಬೇಕು. ಇದು ಮೊದಲನೆಯದು. ಹೀಗೆ ಮರಳಿ ಬಂದ ಹಳೆಯ ಸಾಮಾನು ಮೂಲೆಯ ಪೆಟ್ಟಿಗೆಗೆ ಬೀಳುತ್ತಿತ್ತು. ಎರಡನೆಯದು, ಯಾವ ಸಾಮಾನೇ ಆಗಲಿ, ಕಡೆಯ ನಗವನ್ನು ಮಶೀನಿಗೆ ಕೊಡುವಂತಿಲ್ಲ. ಅದು ನಮೂನೆ. ಹೊಸದನ್ನು ಮಾಡಿಸಬೇಕಾದರೆ ಅದನ್ನು ತೋರಿಸಿಯೇ ಮಾಡಿಸಬೇಕು. ಆ ಮಶೀನುಗಳು ವಿಲಾಯತಿಯಿಂದ ಬಂದವು, ಅವುಗಳ ನಕ್ಷೆಯೂ ಅಳತೆಯೂ ಆಳಂದದಲ್ಲಿ ಯಾರ ಬಳಿಯೂ ಇರಲಿಲ್ಲ. ಅಳತೆ ಎಂದರೆ ಆ ಕಡೆಯ ನಗವೇ. ಶರಫುದ್ದೀನ ಅಂಥವನ್ನು ಮೇಣದ ಕಾಗದದಲ್ಲಿ ಸುತ್ತಿ, ಮೇಲಿನ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ.

ಲಡಾಯಿ ಶುರುವಾದ ಮೇಲೆ ಆ ಮೇಲಿನ ಹಲಗೆ ತುಂಬುತ್ತ ಹೋಯಿತು, ಕೆಳಗಿನವು ಬರಿದಾಗುತ್ತ ಬಂದವು. ವಿಲಾಯತಿಯ ಹಡಗು ಬರುವುದು ನಿಂತಿತು. ಮುಂಬಯಿಯವರು ಕಾಗದಕ್ಕೆ ಉತ್ತರ ಬರೆಯುವುದನ್ನೂ ಬಿಟ್ಟರು. ಉಳಿದದ್ದು ಸೊಲ್ಲಾಪುರದ ಎರಕದವರು. ನಿಜಾಮರ ಸೀಮೆ ದಾಟಿ, ಸುಂಕ ವಸೂಲಿಯ ಕರೋಡಗಿರಿ ನಾಕಾದಲ್ಲಿ ಗಂಟು ಬಿಚ್ಚಿ ತೋರಿಸಿ, ನಮೂನೆಯನ್ನು ಅಲ್ಲಿಗೆ ಮುಟ್ಟಿಸಬೇಕು. ಹಾಗೆ ಒಮ್ಮೆ ಕಳಿಸಿದ ಹಲ್ಲಿನ ಗಾಲಿಯೊಂದು ನಾಕಾಕ್ಕೂ ಸೊಲ್ಲಾಪುರಕ್ಕೂ ನಡುವೆ ಎಲ್ಲೋ ಕಳೆದುಹೋಯಿತು. ಅದನ್ನು ಒಯ್ದ ಮೋಟಾರಿನವ ತಪ್ಪನ್ನು ನಾಕಾದವರ ಮೇಲೆ ಹಾಕಿದ, ನಾಕಾದವರು ಮೋಟಾರಿನವನ ಮೇಲೆ ಹಾಕಿದರು. ನಾಲ್ಕನೆಯ ನಂಬರಿನ ಮಶೀನು ಅಂದು ನಿಂತದ್ದು ಮತ್ತೆ ತಿರುಗಲಿಲ್ಲ. ಮ್ಯಾನೇಜರ ಎಲ್ಲರ ಎದುರಿಗೆ ಶರಫುದ್ದೀನನಿಗೆ, “ಮಶೀನ ತಿಂದ ಮನುಷ್ಯಾ ನೀನು” ಎಂದ. ಅದು ಆತನ ಎದೆಯಲ್ಲಿ ಕೂತುಬಿಟ್ಟಿತು.

ಸಾವಿರದ ಒಂಬೈನೂರ ನಲವತ್ತೆರಡರ ದೀಪಾವಳಿ ಮುಗಿದು, ಹತ್ತಿಯ ಕಾಲಕ್ಕೆ ಇನ್ನೆರಡು ತಿಂಗಳು ಇರುವಾಗ, ಬುಶ್ಶಿನ ಪಾಳಿ ಬಂತು. ಮಶೀನಿನ ದಂಡದ ತುದಿ ತಿರುಗುವ ಕಡೆ ಅದನ್ನು ಹಿಡಿದಿರುವ ಕಂಚಿನ ದಪ್ಪ ಬಳೆಯೇ ಬುಶ್ಶು. ಅದು ಸವೆದರೆ ದಂಡ ಅಲುಗುತ್ತದೆ, ದಂಡ ಅಲುಗಿದರೆ ಚೂರಿ ಹತ್ತಿಬೀಜವನ್ನು ಒಡೆಯುತ್ತದೆ, ಅರಳೆಯಲ್ಲಿ ಬೀಜದ ಚೂರು ಸೇರುತ್ತದೆ. ಆರು ಮಶೀನುಗಳ ಬುಶ್ಶು ಸವೆದಿದ್ದವು. ಹಲಗೆಯ ಮೇಲೆ ಉಳಿದದ್ದು ಒಂದೇ ಒಂದು ಹೊಸ ನಗ.

“ಆ ಹೊಸಾದನ್ನ ಸೊಲ್ಲಾಪುರಕ್ಕ ಕಳಸ್ರಿ. ಅದರ ಹಾಂಗ ಹನ್ನೆರಡು ಮಾಡಸ್ರಿ” ಎಂದ ಮ್ಯಾನೇಜರ.

ಶರಫುದ್ದೀನ “ಜಿ” ಎಂದ. ಮನೆಗೆ ಹೋಗುವಾಗ ಮೇಣದ ಕಾಗದದ ಪೊಟ್ಟಣ ಕಿಸೆಯಲ್ಲಿ ಭಾರವಾಗಿ ತೂಗುತ್ತಿತ್ತು. ಹೋಗಿ ಕಳೆದುಹೋದರೆ? ಆರು ಮಶೀನು ನಿಲ್ಲುತ್ತವೆ. ಆಗ ನನ್ನ ಗತಿಯೇನು? ಮಗಳು ಹಮೀದಾಬೇಗಂಳ ನಿಕಾಹ ಜೇವರ್ಗಿಯ ಒಬ್ಬ ಹುಡುಗನ ಜೊತೆ ಗೊತ್ತಾಗಿತ್ತು, ಯುಗಾದಿಯಾದ ಹದಿನೈದು ದಿನಕ್ಕೆ. ಮರುದಿನ ಆತ ಮೂಲೆಯ ಪೆಟ್ಟಿಗೆಯಿಂದ ಒಂದು ಹಳೆಯ ಬುಶ್ಶನ್ನು ಆರಿಸಿಕೊಂಡ. ಹೊಸದರ ಪಕ್ಕದಲ್ಲಿಟ್ಟು ನೋಡಿದ. ಅದೇ ಎತ್ತರ, ಅದೇ ಅಗಲ, ಅದೇ ಅಂಚು. ಬಣ್ಣ ಮಾತ್ರ ಕಪ್ಪು. ಅಂಚಿನಲ್ಲಿ ಉಳಿ ತಾಗಿದಂತೆ ಮೂರು ಕಚ್ಚು ಇದ್ದವು. ಬಿಚ್ಚುವಾಗ ಪೆಟ್ಟು ಬಿದ್ದಿರಬೇಕು ಎಂದುಕೊಂಡ. ಒಳಗಿನ ಸವೆತ ಕಣ್ಣಿಗೆ ಕಾಣುವಷ್ಟಿರಲಿಲ್ಲ.

ಅಂದು ಸಂಜೆ ಅಂಗಳದಲ್ಲಿ ಕೂತು ಹುಣಸೆಹಣ್ಣು, ಬೂದಿ ಹಚ್ಚಿ ಅದನ್ನು ತಿಕ್ಕುತ್ತಿದ್ದಾಗ ಬದರುನ್ನಿಸಾ ಹೊಸ್ತಿಲಲ್ಲಿ ನಿಂತು ನೋಡಿದಳು.

“ಅಜಿ, ಈದಿಗೆ ಒಂದು ಪಾತ್ರೆ ತಿಕ್ಕಿಕೊಡ್ರಿ ಅಂದ್ರ ಬೆನ್ನುನೋವು ಅಂತೀರಿ. ಇದಕ್ಕ ಇಷ್ಟ ಪ್ರೀತೀನ?”

“ಇದು ಸೊಲ್ಲಾಪುರಕ್ಕ ಹೋಗಾಕತ್ತದ. ಮದುವಿ ಹುಡುಗಿ ಹಾಂಗ ಕಾಣಬೇಕು” ಎಂದ ಶರಫುದ್ದೀನ.

ಬುಶ್ಶು ಹೊಸದರಂತೆ ಹೊಳೆಯಿತು. ಅದನ್ನೇ ಕಳಿಸಿದ. ಹೊಸದನ್ನು ಮತ್ತೆ ಮೇಣದ ಕಾಗದದಲ್ಲಿ ಸುತ್ತಿ, ಮೇಲಿನ ಹಲಗೆಯ ಹಿಂಬದಿಗೆ ಸರಿಸಿಟ್ಟ. ದಫ್ತರದಲ್ಲಿ ಮಾತ್ರ ‘ಹೊಸ ನಗ ಒಂದು, ನಮೂನೆಗಾಗಿ ರವಾನೆ’ ಎಂದು ಬರೆದ.

ಹನ್ನೆರಡು ಬುಶ್ಶು ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಒಂದು ಚೀಲದಲ್ಲಿ ಬಂದವು. ಅಷ್ಟರಲ್ಲಿ ಭೂಸನೂರ, ಅತನೂರಗಳ ಕಡೆಯಿಂದ ಹತ್ತಿಯ ಬಂಡಿಗಳು ಸಾಲುಗಟ್ಟಿ ಅಂಗಳದಲ್ಲಿ ನಿಂತಿದ್ದವು. ದೇವಿಂದ್ರಪ್ಪ ಕಿಟಕಿಯ ಬಳಿ ನಿಂತು ಒಂದು ಬುಶ್ಶನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ. ಹೆಬ್ಬೆರಳನ್ನು ಅಂಚಿನ ಮೇಲೆ ಒಂದು ಸುತ್ತು ಆಡಿಸಿದ. ಬೆರಳು ಒಂದು ಕಡೆ ನಿಂತಿತು. ಇನ್ನೊಂದು ಬುಶ್ಶು ತೆಗೆದ. ಅದರಲ್ಲೂ ಅದೇ ಜಾಗದಲ್ಲಿ ಬೆರಳು ನಿಂತಿತು.

“ಭಾಯಿ, ನಮೂನಿ ಹೊಸಾದ ಕಳಿಸಿದ್ರೆಲ್ಲಾ?”

“ಹೌದಲ್ಲ. ಯಾಕ?”

ಮಲಮಲ್ ಬಟ್ಟೆಯ ಆಚೆ ದೇವಿಂದ್ರಪ್ಪನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆತ ಕೈಯಲ್ಲಿದ್ದ ಬುಶ್ಶನ್ನು ಉಳಿದವುಗಳ ಜೊತೆ ಸೇರಿಸಿದ.

“ಏನಿಲ್ರಿ. ಹಂಗಾದ್ರ ಬರೋಬರಿ” ಎಂದು ಹೇಳಿ, ಬುಶ್ಶುಗಳನ್ನು ಮಡಿಲಲ್ಲಿ ತುಂಬಿಕೊಂಡು ಹೋದ.

ಸೊಲ್ಲಾಪುರದ ಬುಶ್ಶು ಹಾಕಿದ ಮಶೀನು ನಾಲ್ಕನೆಯ ದಿನಕ್ಕೆ ಬಡಿದುಕೊಳ್ಳತೊಡಗಿತು. ದೇವಿಂದ್ರಪ್ಪ ಸೀಮೆಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಬುಶ್ಶಿನೊಳಗೆ ಸುತ್ತಿ ಕೂರಿಸಿದ. ಮೂರು ದಿನ ನಡೆಯಿತು. ತಗಡು ಹರಿಯಿತು. ಕಂಚು ಕಾಯ್ದು ಎಣ್ಣೆ ಸುಟ್ಟ ವಾಸನೆ ಅಂಗಳದವರೆಗೆ ಬಂತು. ಗಂಗುಬಾಯಿ ಮತ್ತು ಇತರ ಹೆಂಗಸರು ಹತ್ತಿಯ ರಾಶಿಯ ಮುಂದೆ ಕೈಕಟ್ಟಿ ಕೂತರು. ದೇವಿಂದ್ರಪ್ಪ ರಾತ್ರಿ ಹಗಲು ಎನ್ನದೆ ಮಶೀನು ಬಿಚ್ಚಿದ, ಕೂಡಿಸಿದ. ಆರೂ ಮಶೀನುಗಳದು ಅದೇ ಗತಿ. ಅರಳೆಯ ಗಂಟು ನೋಡಲು ಬಂದ ಮುಂಬಯಿ ವ್ಯಾಪಾರಿ ಒಂದು ಹಿಡಿ ಹಿಂಜಿ, ಬೀಜದ ಚೂರನ್ನು ಅಂಗೈಯಲ್ಲಿ ಆರಿಸಿ ತೋರಿಸಿ, ಒಂದು ಗಂಟನ್ನೂ ಕೊಳ್ಳದೆ ಎದ್ದುಹೋದ.

ಆ ದಿನ ದೇವಿಂದ್ರಪ್ಪ ಒಂದು ಬುಶ್ಶನ್ನು ಕಿಟಕಿಯ ಬಾಗಿಲಲ್ಲಿಟ್ಟು, “ಇದರ ಹೊಟ್ಟಿ ದೊಡ್ಡದದ ಭಾಯಿ. ಕೂದಲೆಳಿಯಷ್ಟ. ಆದರ ಅಷ್ಟ ಸಾಕು” ಎಂದ.

ಆತ ಹೋದ ಮೇಲೆ ಶರಫುದ್ದೀನ ಬಾಗಿಲು ಹಾಕಿಕೊಂಡ. ಮೇಲಿನ ಹಲಗೆಯಿಂದ ಪೊಟ್ಟಣ ಇಳಿಸಿದ. ಕೋಣೆಯಲ್ಲಿ ಹಳೆಯ ದಂಡದ ಒಂದು ತುಂಡು ಬಿದ್ದಿತ್ತು. ಹೊಸ ಬುಶ್ಶನ್ನು ಅದಕ್ಕೆ ಪೋಣಿಸಿದ. ಬಿಗಿಯಾಗಿ, ಮೆಲ್ಲಗೆ, ಬೆಣ್ಣೆಯಲ್ಲಿ ಬೆರಳಿಟ್ಟಂತೆ ಇಳಿಯಿತು. ಸೊಲ್ಲಾಪುರದ್ದನ್ನು ಪೋಣಿಸಿದ. ಗಿಲಿಗಿಲಿ ಎಂದು ಸದ್ದು ಮಾಡುತ್ತ ತಳಕ್ಕೆ ಬಿತ್ತು. ಸವೆದದ್ದನ್ನು ತೋರಿಸಿದ್ದ, ಅವರು ಸವೆದದ್ದನ್ನೇ ಹನ್ನೆರಡು ಸಲ ಮಾಡಿ ಕಳಿಸಿದ್ದರು.

ನಾಳೆ ಮ್ಯಾನೇಜರನಿಗೆ ಹೇಳಬೇಕು ಎಂದುಕೊಂಡ. ಆ ನಾಳೆ ಬಂದಾಗ ಮ್ಯಾನೇಜರ ಗುಲಬರ್ಗಾಕ್ಕೆ ಹೋಗಿದ್ದ. ನಾಡಿದ್ದು ಜೇವರ್ಗಿಯಿಂದ ಬೀಗರು ಬಂದಿದ್ದರು. ಅದರ ಮರುದಿನ ಶುಕ್ರವಾರ. ಹೀಗೆ ಹೇಳಬೇಕಾದ ಮಾತು ಪ್ರತಿದಿನ ಒಂದು ದಿನ ಮುಂದಕ್ಕೆ ಹೋಯಿತು. ಹೋದಷ್ಟೂ ಭಾರವಾಯಿತು.

ಹೋಳಿ ಹುಣ್ಣಿಮೆ ಮುಗಿದ ಮೂರನೆಯ ದಿನ ಮ್ಯಾನೇಜರ ಇಬ್ಬರನ್ನೂ ಕರೆಸಿದ. ಮೇಜಿನ ಮೇಲೆ ಸುಟ್ಟು ಕಪ್ಪಾದ ಎರಡು ಬುಶ್ಶು ಇದ್ದವು.

“ಮಿಸ್ತ್ರಿ, ಇಪ್ಪತ್ತು ವರ್ಷ ಕೆಲಸ ಮಾಡೇನಿ ಅಂತಿ. ಒಂದು ಬುಶ್ಶ ಕುಂದರಸಾಕ ಬರಂಗಿಲ್ಲೇನು ನಿನಗ?”

“ಬುಶ್ಶಿನ ಅಳತಿ ಸರಿ ಇಲ್ರಿ ಸಾಹೇಬ್ರ” ಎಂದ ದೇವಿಂದ್ರಪ್ಪ, ನೆಲ ನೋಡುತ್ತ.

“ಅಳತಿ ಸರಿ ಇಲ್ಲ ಅಂದ್ರ? ಹೊಸ ನಮೂನಿ ಮ್ಯಾಲಿಂದ ಮಾಡಿದ್ದು ಇವು.” ಮ್ಯಾನೇಜರ ದಫ್ತರ ತೆರೆದು ಬೆರಳಿಟ್ಟ. “ಏನ್ರಿ ಶರಫುದ್ದೀನ, ಹೊಸಾದ ಹೋಗಿತ್ತಲ್ಲ?”

ದೇವಿಂದ್ರಪ್ಪ ತಲೆ ಎತ್ತಿ ಶರಫುದ್ದೀನನನ್ನು ನೋಡಿದ. ಬೇಡುವ ನೋಟವಾಗಿರಲಿಲ್ಲ ಅದು, ಬೈಯುವ ನೋಟವೂ ಅಲ್ಲ. ಸುಮ್ಮನೆ, ಕಿಟಕಿಯಲ್ಲಿ ಸಾಮಾನಿಗಾಗಿ ಕಾಯುವಾಗ ನಿಲ್ಲುತ್ತಿದ್ದನಲ್ಲ, ಹಾಗೆ ನಿಂತಿದ್ದ.

ಶರಫುದ್ದೀನ “ಜಿ” ಎಂದ.

ಅಷ್ಟೇ. ಒಂದಕ್ಷರ. ದೇವಿಂದ್ರಪ್ಪ ಮತ್ತೆ ನೆಲ ನೋಡಿದ. ಮ್ಯಾನೇಜರ ದಫ್ತರ ಮುಚ್ಚಿದ. ಯುಗಾದಿಯೊಳಗೆ ಕೆಲಸ ಬಿಟ್ಟು, ಜಿನ್ನಿನ ವಠಾರದ ಮನೆ ಖಾಲಿ ಮಾಡಬೇಕೆಂದು ಮಿಸ್ತ್ರಿಗೆ ಹೇಳಿದ.

ಬಂಡಿ ಹೂಡುವ ಬೆಳಗ್ಗೆ ದೇವಿಂದ್ರಪ್ಪ ಕಿಟಕಿಗೆ ಬಂದ. ತನ್ನ ಹೆಸರಿನ ಮೇಲೆ ಒಯ್ದಿದ್ದ ಪಾನಾ, ಸುತ್ತಿಗೆ, ಎಣ್ಣೆಬುರುಡೆಗಳನ್ನು ಒಂದೊಂದಾಗಿ ಪುಟ್ಟ ಬಾಗಿಲಿನಿಂದ ಒಳಗೆ ಸರಿಸಿದ. ಎಲ್ಲವನ್ನೂ ಒರೆಸಿ, ಎಣ್ಣೆ ಹಚ್ಚಿ ತಂದಿದ್ದ. ಶರಫುದ್ದೀನ ಒಂದೊಂದನ್ನೂ ಎಣಿಸಿ ತೆಗೆದುಕೊಂಡ. ಎಲ್ಲವೂ ಮುಗಿದ ಮೇಲೂ ದೇವಿಂದ್ರಪ್ಪ ಹೋಗಲಿಲ್ಲ. ಹೊರಗೆ ಎತ್ತಿನ ಕೊರಳ ಗಂಟೆ ಸದ್ದು ಮಾಡುತ್ತಿತ್ತು. ಗಂಗುಬಾಯಿ ಒಗೆದ ಮಲಮಲ್ ಬಟ್ಟೆಯನ್ನು ತಂದು ಜಾಳಿಗೆಗೆ ಕಟ್ಟಿದಳು. ಅವಳ ಬೆರಳು ಗಂಟು ಹಾಕುವುದನ್ನು ಶರಫುದ್ದೀನ ಒಳಗಿನಿಂದ ನೋಡುತ್ತ ಕೂತಿದ್ದ.

“ಬರ್ತೇನ್ರಿ ಭಾಯಿ” ಎಂದ ದೇವಿಂದ್ರಪ್ಪ ಕೊನೆಗೆ.

“ಹೂಂ. ಹುಷಾರಾಗಿ ಹೋಗ್ರಿ” ಎಂದ ಶರಫುದ್ದೀನ.

ಹಮೀದಾಳ ನಿಕಾಹ ಚೆನ್ನಾಗಿ ಆಯಿತು. ಅಂದು ಎಂಜಿನ್ನಿಗೆ ಎಣ್ಣೆ ಹಾಕುವ ಬೀರಲಿಂಗಪ್ಪ ಒಂದು ಬಟ್ಟೆಯ ಗಂಟು ತಂದು ಕೊಟ್ಟ. ಬಿಚ್ಚಿದರೆ ಅಡಕತ್ತರಿ. ಹಿಡಿಯ ತುದಿಗೆ ಎರಡು ಗಿಳಿ ಮೂಡಿದ್ದವು. “ಮಿಸ್ತ್ರಿ ಹೋಗೂ ಮುಂದ ಕೊಟ್ಟು ಹೋಗ್ಯಾರ್ರಿ, ಹಮೀದಾನ ಮದಿವಿಗಿ ಅಂತ.” ಬದರುನ್ನಿಸಾ ಅದನ್ನು ಕಣ್ಣಿಗೊತ್ತಿಕೊಂಡಳು. ಶರಫುದ್ದೀನ ಕೈಯಲ್ಲಿ ಹಿಡಿದು ನೋಡಿ, ಯಾರನ್ನೋ ಊಟಕ್ಕೆ ಎಬ್ಬಿಸಬೇಕೆಂಬ ನೆವದಲ್ಲಿ ಆಚೆ ನಡೆದ.

ಸುದ್ದಿ ಮಾತ್ರ ಬರುತ್ತಿತ್ತು. ದೇವಿಂದ್ರಪ್ಪ ಜೇವರ್ಗಿಯ ಜಿನ್ನಿಗೆ ಕೆಲಸ ಕೇಳಲು ಹೋಗಿದ್ದನಂತೆ. ಆಳಂದದ ಮ್ಯಾನೇಜರನ ಕಾಗದ ಆತನಿಗಿಂತ ಮೊದಲೇ ಅಲ್ಲಿ ಮುಟ್ಟಿತ್ತಂತೆ, ಈ ಮಿಸ್ತ್ರಿಯ ಕೈ ಸರಿಯಿಲ್ಲ ಎಂದು. ಮಶೀನು ಇದ್ದ ಕಡೆ ಯಾರೂ ಆತನನ್ನು ಕರೆಯಲಿಲ್ಲ. ಕಡೆಗೆ ಅಫಜಲಪುರದಲ್ಲಿ ಹೆಂಡತಿಯ ತವರಿನ ಹತ್ತಿರ ಕುಡುಗೋಲು ಹಣಿಯುತ್ತ ಕೂತಿದ್ದಾನಂತೆ. ಹಮೀದಾಳ ಮನೆಗೆ ಹೋದಾಗಲೆಲ್ಲ ಶರಫುದ್ದೀನನಿಗೆ ಅಫಜಲಪುರದ ದಾರಿ ನೆನಪಾಗುತ್ತಿತ್ತು. ಇನ್ನೊಮ್ಮೆ ಹೋದರಾಯಿತು ಎಂದುಕೊಂಡು ಆಳಂದಕ್ಕೆ ಮರಳುತ್ತಿದ್ದ.

ಲಡಾಯಿ ಮುಗಿದು ಎರಡನೆಯ ವರ್ಷ ಹೊಸ ಮಶೀನುಗಳು ಬಂದವು. ಮ್ಯಾನೇಜರನೂ ಹೊಸಬ. ಹಳೆಯ ಮಶೀನುಗಳನ್ನು ಬಿಚ್ಚಿ ಮೋಡಕಾ, ಅಂದರೆ ಹಳೆ ಕಬ್ಬಿಣದ ಲೆಕ್ಕದಲ್ಲಿ ಮಾರಬೇಕೆಂದು ಹೇಳಿದ. ಮೂಲೆಯ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಬಗ್ಗಿಸಿದರು. ಬೀರಲಿಂಗಪ್ಪ ಕುಕ್ಕರಗಾಲಲ್ಲಿ ಕೂತು ಸಾಮಾನುಗಳನ್ನು ಸರಸರನೆ ಬೇರೆ ಬೇರೆ ಗುಂಪಿಗೆ ಎಸೆಯತೊಡಗಿದ. ಪ್ರತಿಯೊಂದರ ಅಂಚನ್ನು ಮಾತ್ರ ಒಮ್ಮೆ ನೋಡುತ್ತಿದ್ದ, ಅಷ್ಟೇ.

“ಏನ ನೋಡಿ ಹಾಕಾಕತ್ತೀಪಾ?” ಎಂದ ಶರಫುದ್ದೀನ.

“ಕಚ್ಚು ನೋಡ್ರಿ ಸಾಹೇಬ್ರ. ದೇವಿಂದ್ರಪ್ಪ ಮಿಸ್ತ್ರಿ ಹಾಕಿದ ಗುರುತು. ಒಂದು ಕಚ್ಚು ಇದ್ರ ಇನ್ನೊಮ್ಮೆ ಹಾಕಬಹುದು. ಎರಡಿದ್ರ ತೀರಾ ನಡೀದಿದ್ದಾಗ ಹಾಕಬಹುದು. ಮೂರಿದ್ರ ಸತ್ತದ್ದು, ಭಟ್ಟಿಗಿ. ಮರತ ಯಾರರ ಮತ್ತ ಮಶೀನಿಗಿ ಹಾಕ್ಯಾರಂತ ಮಾಡಿದ್ದು. ನಿಮಗ ಗೊತ್ತಿಲ್ಲೇನ್ರಿ? ಶೆಡ್ಡಿನಾಗ ಎಲ್ಲರಿಗೂ ಗೊತ್ತದ.”

ಶರಫುದ್ದೀನ ಶೆಡ್ಡಿಗೆ ಹೋಗುತ್ತಿದ್ದವನಲ್ಲ. ಆತ ಒಳಗೆ ಹೋಗಿ, ಆಗ ಮಶೀನುಗಳಿಂದ ಕಳಚಿ ಮರಳಿ ಬಂದಿದ್ದ ಸೊಲ್ಲಾಪುರದ ಬುಶ್ಶುಗಳ ಚೀಲ ಬಿಚ್ಚಿದ. ಒಂದನ್ನು ಬೆಳಕಿಗೆ ಹಿಡಿದ. ಅಂಚಿನಲ್ಲಿ ಮೂರು ಕಚ್ಚು, ಮೊಂಡಾಗಿ, ಎರಕದಲ್ಲೇ ಮೂಡಿ ಬಂದವು. ಇನ್ನೊಂದರಲ್ಲೂ ಮೂರು. ಹನ್ನೆರಡರಲ್ಲೂ ಮೂರು ಮೂರು. ಎರಕದವರು ನಮೂನೆಯಲ್ಲಿ ಕಂಡದ್ದನ್ನೆಲ್ಲ ತಪ್ಪದೆ ಮಾಡಿದ್ದರು. ಅಂಚಿನ ಮೇಲೆ ಸುತ್ತು ಹೋಗಿ ಒಂದು ಕಡೆ ನಿಂತ ಆ ಹೆಬ್ಬೆರಳು ಶರಫುದ್ದೀನನಿಗೆ ಈಗ ಕಾಣಿಸಿತು. ನಮೂನಿ ಹೊಸಾದ ಕಳಿಸಿದ್ರೆಲ್ಲಾ? ಅಂದೇ, ಚೀಲ ಬಿಚ್ಚಿದ ಗಳಿಗೆಯಲ್ಲೇ, ದೇವಿಂದ್ರಪ್ಪನಿಗೆ ಎಲ್ಲ ತಿಳಿದಿತ್ತು. ಒಂದು ಬುಶ್ಶನ್ನು ಮ್ಯಾನೇಜರನ ಮೇಜಿನ ಮೇಲೆ ತಿರುಗಿಸಿ ಇಟ್ಟಿದ್ದರೆ ಸಾಕಿತ್ತು, ಶೆಡ್ಡಿನವರೆಲ್ಲ ಸಾಕ್ಷಿ ಹೇಳುತ್ತಿದ್ದರು.

ಅಂದೇ ಹೊಸ ಮ್ಯಾನೇಜರನ ಎದುರಿಗೆ ನಿಂತು ಎಲ್ಲವನ್ನೂ ಹೇಳಿದ. ನಾಲ್ಕು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೇಳಿ ಮುಗಿಸುವಾಗ ಕೆಮ್ಮು ಬಂತು. ಹೊಸಬ ಕಾಗದದಿಂದ ತಲೆ ಎತ್ತಿ, “ಲಡಾಯಿ ಕಾಲದ ಮಾತು. ಈಗ್ಯಾಕ್ರಿ ಅದು? ಆ ಮಶೀನೇ ಇಲ್ಲ” ಎಂದ. ಮಿಸ್ತ್ರಿಯ ಹೆಸರನ್ನೂ ಕೇಳಲಿಲ್ಲ.

ಮರುದಿನ ಶರಫುದ್ದೀನ ಅಫಜಲಪುರದ ಮೋಟಾರು ಹತ್ತಿದ. ಕಿಸೆಯಲ್ಲಿ ಮೇಣದ ಕಾಗದದ ಪೊಟ್ಟಣ.

ದೇವಿಂದ್ರಪ್ಪನ ಭಟ್ಟಿ ಮನೆಯ ಮುಂದಿನ ತಟ್ಟಿಯ ನೆರಳಿನಲ್ಲಿತ್ತು. ಮುರಿದ ಕುಡುಗೋಲು, ಬಾವಿಯ ಗಡಗಡೆ, ಹಿಡಿ ಹೋದ ಕೊಡ. ಮುಂಚೆ ಹನ್ನೆರಡು ಮಶೀನುಗಳ ಸದ್ದನ್ನು ದೂರದಿಂದ ಕೇಳಿಯೇ ಯಾವುದು ಕೆಟ್ಟಿದೆ ಎನ್ನುತ್ತಿದ್ದವನು ಒಂದು ಬೀಗದ ಕೈಗೆ ಅರ ಹಾಕುತ್ತ ಕೂತಿದ್ದ. ಶರಫುದ್ದೀನನನ್ನು ಕಂಡು ಎದ್ದು, ಕೈಯನ್ನು ಧೋತರದ ಅಂಚಿಗೆ ಒರೆಸಿಕೊಂಡ.

“ಬರ್ರಿ ಭಾಯಿ. ಗಂಗೂ, ಯಾರ ಬಂದಾರ ನೋಡಬೇ!”

ಗಂಗುಬಾಯಿ ಕಂಬಳಿ ಹಾಸಿದಳು, ನೀರು ಕೊಟ್ಟಳು. ಹಮೀದಾನ ಮಕ್ಕಳೆಷ್ಟು, ಬದರುನ್ನಿಸಾ ಅಕ್ಕನ ಮೊಳಕಾಲು ನೋವು ಹೇಗಿದೆ ಎಂದೆಲ್ಲ ಕೇಳಿದಳು. ಆಮೇಲೆ, “ಭಾಯಿ, ಆ ಕಿಡಕಿ ಬಟ್ಟಿ ಈಗ ಯಾರು ಒಗೀತಾರ್ರಿ?” ಎಂದಳು.

ಯಾರೂ ಒಗೆಯುತ್ತಿರಲಿಲ್ಲ. ಬಟ್ಟೆ ಧೂಳು ಕಟ್ಟಿ ಹರಿದು ಎರಡು ವರ್ಷವಾಗಿತ್ತು. ಶರಫುದ್ದೀನ, “ಒಗೀತಾರವ್ವ, ಯಾರರ ಒಗೀತಾರ” ಎಂದ.

ಅವಳು ಚಹಾ ಮಾಡಲು ಒಳಗೆ ಹೋದ ಮೇಲೆ ಆತ ಮಾತು ತೆಗೆದ.

“ಮಿಸ್ತ್ರಿ, ಅವತ್ತ ಸೊಲ್ಲಾಪುರಕ್ಕ ನಾ ಹಳೇದು ಕಳಿಸಿದ್ದೆ.”

ದೇವಿಂದ್ರಪ್ಪ ಅರ ಹಾಕುವುದನ್ನು ನಿಲ್ಲಿಸಲಿಲ್ಲ. “ಗೊತ್ತದ್ರಿ.”

“ಚೀಲ ಬಿಚ್ಚಿದ ದಿನಾನ ಗೊತ್ತಾಗಿತ್ತು?”

“ನಾನ ಹಾಕಿದ ಕಚ್ಚು. ನನ್ನ ಕೈಬರಹ ನನಗ ತಿಳಿಯಂಗಿಲ್ಲೇನ್ರಿ?”

“ಮತ್ತ ಮ್ಯಾನೇಜರ ಮುಂದ ಯಾಕ ಬಾಯಿ ಬಿಡಲಿಲ್ಲ?”

ಅರ ನಿಂತಿತು. ದೇವಿಂದ್ರಪ್ಪ ಬೀಗದ ಕೈಯನ್ನು ಬೆಳಕಿಗೆ ಹಿಡಿದು ನೋಡಿದ, ಊದಿದ, ಮತ್ತೆ ನೋಡಿದ.

“ಹಮೀದಾನ ಮದಿವಿ ಇತ್ತು. ನಿಮ್ಮ ನೌಕರಿ ಹೋದ್ರ ಬೀಗರು ತಿರುಗಿ ನೋಡತಿದ್ದಿಲ್ಲ.” ಬೀಗದ ಕೈ ಕೆಳಗಿಟ್ಟ. “ಅಷ್ಟ ಅಲ್ರಿ. ಸುಳ್ಳ ಯಾಕ ಹೇಳಲಿ. ನೀವ ಹೇಳ್ತೀರಿ ಅಂತ ತಿಳಿದಿದ್ದೆ. ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ. ಮದಿವಿ ಆದ ಮ್ಯಾಲರ ಹೇಳ್ತಾರ, ಅಲ್ಲೀ ತನಾ ಎಲ್ಲೆರ ದಿನಾ ಕಳದ್ರಾತು ಅಂತ. ಬಂಡಿ ಹೂಡೂ ದಿನ ನಿಮ್ಮ ಕಿಡಕಿ ಮುಂದ ಅದಕ್ಕ ನಿಂತಿದ್ದೆ.”

ಬೈಗುಳ ಕೇಳಿಕೊಂಡು ಹೋಗಲು ಶರಫುದ್ದೀನ ಬಂದಿದ್ದ. ಕೈ ಕಿಸೆಗೆ ಹೋಯಿತು. ಪೊಟ್ಟಣ ತೆಗೆದು ದೇವಿಂದ್ರಪ್ಪನ ಮುಂದೆ ಇಟ್ಟ.

“ಇದು ಆ ಹೊಸಾದು. ಕಡೀ ನಗ. ಕಳೀತದ ಅಂತ ಅಂಜಿ ಇಟಗೊಂಡೆ. ನಿನ್ನ ಕೈಯಾಗ ಕೊಟ್ಟಿದ್ರ...” ಪೊಟ್ಟಣವನ್ನು ಇನ್ನಷ್ಟು ಮುಂದಕ್ಕೆ ಸರಿಸಿದ. “ಮಾಫ್ ಮಾಡು ಮಿಸ್ತ್ರಿ.”

“ಅದೆಲ್ಲ ಯಾಕ್ರಿ ಈಗ” ಎಂದ ದೇವಿಂದ್ರಪ್ಪ. ಮೇಣದ ಕಾಗದ ಬಿಚ್ಚಿದ. ಬುಶ್ಶು ವಿಲಾಯತಿಯಿಂದ ಬಂದ ದಿನದಂತೆಯೇ ಇತ್ತು. ಆತ ಅದನ್ನು ಅಂಗೈಯಲ್ಲಿ ತೂಗಿದ. ಒಳಗೆ ಬೆರಳಾಡಿಸಿದ. ಒಂದು ಗಳಿಗೆ ಆತನ ಮುಖದಲ್ಲಿ ಹಳೆಯ ಮಿಸ್ತ್ರಿ ಬಂದು ಹೋದ. “ಎಷ್ಟ ಛಂದ ಮಾಡ್ಯಾರ್ರಿ! ಇದು ಬರೋಬರಿ ಅಳತಿ. ಇಂಥಾದ್ದೊಂದು ನಮೂನಿ ಹೋಗಿದ್ರ ಹತ್ತು ವರ್ಷ ಮಶೀನ ಮಾತಾಡತಿದ್ದಿಲ್ಲ.”

“ಈಗ ಇದು ಯಾವ ಮಶೀನಿಗೂ ಕೂಡೂದಿಲ್ಲ. ಎಲ್ಲಾ ಹೊಸಾವು ಬಂದಾವ.”

“ಹ್ಞಾಂ.” ದೇವಿಂದ್ರಪ್ಪ ಬುಶ್ಶನ್ನು ಇನ್ನೊಂದು ಸುತ್ತು ತಿರುಗಿಸಿದ. ಆಮೇಲೆ ಪಕ್ಕದಲ್ಲಿದ್ದ ಉಳಿ ತೆಗೆದುಕೊಂಡು, ಬುಶ್ಶನ್ನು ಅಡಿಗಲ್ಲಿನ ಮೇಲೆ ಓರೆಯಾಗಿ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟ. ಇನ್ನೊಂದು. ಮತ್ತೊಂದು. ಕಂಚಿನ ಮೂರು ಸಣ್ಣ ಚೂರು ಬೂದಿಯಲ್ಲಿ ಬಿದ್ದವು. ಅಂಚನ್ನು ಹೆಬ್ಬೆರಳಿನಿಂದ ಒರೆಸಿ, ಮತ್ತೆ ಮೇಣದ ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿ, ಎರಡೂ ಕೈಯಿಂದ ಶರಫುದ್ದೀನನಿಗೆ ಕೊಟ್ಟ.

“ಭಟ್ಟಿಗಿ ಹಾಕಸ್ರಿ ಭಾಯಿ. ಕರಗಿ ಬ್ಯಾರೆ ಏನರ ಆದೀತು. ಸುಮ್ಮ ಹಲಗಿ ಮ್ಯಾಲ ಯಾಕ ಇಡ್ತೀರಿ?”

ಗಂಗುಬಾಯಿ ಚಹಾ ತಂದಳು. ಮೂವರೂ ಕುಡಿದರು. ಈ ವರ್ಷದ ಜೋಳದ ಮಾತು ಬಂತು, ಭೀಮಾ ಹೊಳೆಯ ನೀರಿನ ಮಾತು ಬಂತು. ಹೊರಡುವಾಗ ಅವಳು ದಾರಿಗೆಂದು ಎರಡು ರೊಟ್ಟಿ, ಶೇಂಗಾದ ಹಿಂಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಬಟ್ಟೆ ಒಗೆದು ಮೆತ್ತಗಾದ ಮಲಮಲ್ಲು. “ಇದನ್ನ ತಿರುಗಿ ಕೊಡೂದೇನ ಬ್ಯಾಡ್ರಿ. ಕಿಡಕಿಗಿ ಕಟಗೋರಿ” ಎಂದಳು.

ಮೋಟಾರಿನ ತನಕ ದೇವಿಂದ್ರಪ್ಪ ಜೊತೆಗೆ ಬಂದ. ಮತ್ತೆ ಬನ್ನಿ ಎಂದು ಹೇಳಲಿಲ್ಲ, ಬರಬೇಡಿ ಎಂದೂ ಹೇಳಲಿಲ್ಲ. ಮೋಟಾರು ಕದಲಿದಾಗ, ಎಂಜಿನ್ನಿನ ಸದ್ದಿಗೆ ಅಭ್ಯಾಸಬಲದಿಂದ ಒಂದು ಕಿವಿ ಕೊಟ್ಟು ನಿಂತವನು, ಡ್ರೈವರನಿಗೆ, “ಎಡಗಡೀ ಗಾಲಿ ಬೋಲ್ಟ ಸಡಲ ಅದ, ಅತನೂರದಾಗ ಬಿಗಿ ಮಾಡಕೋ ತಮ್ಮಾ” ಎಂದು ಕೂಗಿ ಹೇಳಿದ.

ಅತನೂರಿನಲ್ಲಿ ಡ್ರೈವರ ಇಳಿದು ನೋಡಿದ. ಬೋಲ್ಟು ನಿಜಕ್ಕೂ ಸಡಿಲಾಗಿತ್ತು. ಆತ ಪಾನಾ ಹಿಡಿದು ಬಿಗಿಯುತ್ತಿರುವಷ್ಟು ಹೊತ್ತು ಶರಫುದ್ದೀನ ಸೀಟಿನಲ್ಲಿ ಕೂತು, ಕಿಸೆಯೊಳಗೆ ಕೈಯಿಟ್ಟು, ಕಾಗದದ ಮೇಲಿನಿಂದಲೇ ಬುಶ್ಶಿನ ಅಂಚನ್ನು ಹುಡುಕುತ್ತಿದ್ದ. ಸೊಲ್ಲಾಪುರದ ಕಚ್ಚುಗಳು ಮೊಂಡಾಗಿದ್ದವು, ಬೆರಳಿಗೆ ತಾಗಿದರೂ ತಾಗದಂತೆ. ಇವು ಹೊಸವು. ಕಾಗದವನ್ನು ಸೀಳಿಕೊಂಡು ಬೆರಳಿಗೆ ಚುಚ್ಚಿದವು. ಆತ ಕೈ ತೆಗೆಯಲಿಲ್ಲ.